ಹನ್ನೊಂದು ಸೆಕೆಂಡು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ನಾನು ಟ್ರೈನಿಯಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ಗ್ಯಾಸ್ ಒಲೆಯ ನಾಬ್‌ನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಕೂತಿರುವ ಹಿತ್ತಾಳೆಯ ವಾಲ್ವ್ ತಯಾರಿಸುವುದು ಅಲ್ಲಿನ ಕೆಲಸ. ಟ್ರೈನಿ ಎಂದರೆ ಮೀಟಿಂಗಿಗೆ ಎಲ್ಲರಿಗೂ ಕುರ್ಚಿ ಎಳೆದು ತಂದು, ತಾನು ಗೋಡೆಗೆ ಒರಗಿ ನಿಲ್ಲುವವಳು. ಡಿಪ್ಲೊಮಾದಲ್ಲಿ ಎಂಬತ್ತೆರಡು ಪರ್ಸೆಂಟ್ ತೆಗೆದವಳಿಗೆ ಇದು ಸಹಿಸಲು ಕಷ್ಟ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದನ್ನು ನುಂಗಿ ನುಂಗಿ, ಯಾರಾದರೂ ಒಮ್ಮೆ ನನ್ನನ್ನು ಹೆಸರು ಹಿಡಿದು ಕರೆದರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೇ ಬೇರು. ನನ್ನ ಹೆಸರು ಪುಷ್ಪಲತಾ. ನಾನು ಬರೆದ ಒಂದು ಸಾಲಿನಿಂದ ಒಬ್ಬ ಹೆಂಗಸಿನ ಎರಡೂ ಕೈ ಸುಟ್ಟವು.

ಆ ವರ್ಷ ಪ್ಲಾಂಟ್ ಮ್ಯಾನೇಜರ್ ಅಂಜನಕುಮಾರ್ ಸರ್ ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಕೆಲಸದಲ್ಲಿ ಎಲ್ಲೆಲ್ಲಿ ಸಮಯ ಪೋಲಾಗುತ್ತಿದೆ ಎಂದು ಹುಡುಕಿ ತೆಗೆಯುವುದು ಯೋಜನೆ. ತಂಡದಲ್ಲಿ ಕಡೇ ಪಕ್ಷ ಒಬ್ಬರಾದರೂ ತೀರಾ ಕೆಳಗಿನ ಹಂತದವರು ಇರಬೇಕು, ದಿನವೂ ಕೆಲಸದ ಪಕ್ಕದಲ್ಲೇ ನಿಲ್ಲುವವರಿಗೆ ಕಾಣುವುದು ಮೇಲಿನವರಿಗೆ ಕಾಣುವುದಿಲ್ಲ ಎಂದು ಆ ಸಲಹೆಗಾರರು ಮೊದಲ ದಿನವೇ ಹೇಳಿದರು. ಮಾತು ಚೆನ್ನಾಗಿತ್ತು. ಎಲ್ಲರೂ ಗೋಡೆಯ ಕಡೆ ತಿರುಗಿ ನನ್ನನ್ನು ನೋಡಿದರು. ನನ್ನ ಕೈಗೆ ಒಂದು ಸ್ಟಾಪ್‌ವಾಚ್ ಮತ್ತು ಒಂದು ಹಾಳೆ ಬಂತು. ಹಾಳೆಯಲ್ಲಿ ಮೂರು ಕಾಲಂ: ಏನು ಮಾಡುತ್ತಾರೆ, ಎಷ್ಟು ಸೆಕೆಂಡು, ಯಾಕೆ ಮಾಡುತ್ತಾರೆ.

ಪರೀಕ್ಷೆಯ ತೊಟ್ಟಿಯ ಮುಂದೆ ಕೂರುತ್ತಿದ್ದವರು ಹುಲಿಗೆಮ್ಮಕ್ಕ. ವಯಸ್ಸು ಐವತ್ತರ ಆಸುಪಾಸು, ಹದಿನಾಲ್ಕು ವರ್ಷದಿಂದ ಅದೇ ಸ್ಟೂಲು, ಆದರೂ ಗುತ್ತಿಗೆ ಕೆಲಸವೇ. ನಮ್ಮಿಬ್ಬರದೂ ಹರಿಹರ. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಅವರು ಮೊದಲೇ ಹತ್ತಿ, ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟಿರುತ್ತಿದ್ದರು. ಯಾರಾದರೂ ಕೂರಲು ಬಂದರೆ, ನಮ್ಮ ಹುಡುಗಿ ಬರುತ್ತಾಳೆ ಎನ್ನುತ್ತಿದ್ದರು. ನನಗೂ ಅವರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ.

ಅವರ ಕೆಲಸ ನೋಡಲು ಸರಳ. ವಾಲ್ವ್‌ಗೆ ಗಾಳಿಯ ಪೈಪು ಸಿಕ್ಕಿಸಿ ನೀರಿನಲ್ಲಿ ಅದ್ದುವುದು. ಗುಳ್ಳೆ ಬಂದರೆ ಸೋರುತ್ತಿದೆ ಎಂದು ಅರ್ಥ, ಕೆಂಪು ಬುಟ್ಟಿಗೆ. ಬರದಿದ್ದರೆ ಹಸಿರು ಬುಟ್ಟಿಗೆ. ಆದರೆ ಹುಲಿಗೆಮ್ಮಕ್ಕ ಗುಳ್ಳೆ ಬಾರದ ವಾಲ್ವನ್ನು ಹೊರಗೆ ತೆಗೆದು, ನಾಬ್ ಕೂರುವ ಅದರ ಕಡ್ಡಿಯನ್ನು ಒಂದು ಸಲ ಆ ಕಡೆ ಈ ಕಡೆ ತಿರುವಿ, ಮತ್ತೆ ನೀರಿಗೆ ಅದ್ದಿ ನೋಡುತ್ತಿದ್ದರು. ಗೋಡೆಗೆ ಅಂಟಿಸಿದ ಕೆಲಸದ ಸೂಚನೆಯಲ್ಲಿ ಈ ಎರಡನೇ ಸಲದ ಮಾತೇ ಇರಲಿಲ್ಲ. ಅಳೆದು ನೋಡಿದೆ, ಹನ್ನೊಂದು ಸೆಕೆಂಡು.

ಸಲಹೆಗಾರರು, ಮ್ಯಾನೇಜರು ಎಲ್ಲರೂ ತೊಟ್ಟಿಯ ಸುತ್ತ ನಿಂತಿದ್ದರು. ಇದನ್ನು ಯಾಕೆ ಮಾಡುತ್ತೀರಿ ಎಂದು ಸಲಹೆಗಾರರು ಮೆತ್ತಗೇ ಕೇಳಿದರು. ಹುಲಿಗೆಮ್ಮಕ್ಕ ಎದ್ದು ನಿಂತು, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡರು.

"ಸುಮ್ನೆ ಸಾರ್. ರೂಢಿ ಆಗೈತೆ."

ನಮ್ಮ ಕಡೆ ಇದು ಎಲ್ಲರ ಬಾಯಲ್ಲೂ ಬರುವ ಉತ್ತರ. ದೊಡ್ಡವರು ಎದುರಿಗೆ ನಿಂತು ಯಾಕೆ ಎಂದಾಗ ಕಾರಣ ಹೇಳಿದರೆ ಎದುರು ಮಾತಾಡಿದ ಹಾಗೆ. ನಮ್ಮ ಅವ್ವ ನೋವು ತಿಂದು ತಿಂದು ಡಾಕ್ಟರ ಹತ್ತಿರ ಹೋದರೂ, ಏನಾಗಿದೆ ಎಂದು ಅವರು ಕೇಳಿದ ತಕ್ಷಣ ಏನಿಲ್ಲ ಎನ್ನುತ್ತಾಳೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಸಲಹೆಗಾರರಿಗೆ ಗೊತ್ತಿರಲಿಲ್ಲ. ನನ್ನನ್ನು ಅಲ್ಲಿ ನಿಲ್ಲಿಸಿದ್ದೇ ಇಂಥದ್ದನ್ನು ತಿಳಿಸುವುದಕ್ಕೆ. ನಾನು ಮೂರನೇ ಕಾಲಂನಲ್ಲಿ 'ಕಾರಣ ಇಲ್ಲ' ಎಂದು ಬರೆದೆ.

ಅವತ್ತು ಸಂಜೆ ಬಸ್ಸಿನಲ್ಲಿ ಮನಸ್ಸು ತಡೆಯದೆ ಕೇಳಿದೆ. ಹುಲಿಗೆಮ್ಮಕ್ಕ ನಕ್ಕರು.

"ಹೊಸ ವಾಲ್ವಿನಾಗೆ ಗ್ರೀಸ್ ತುಂಬಿರ್ತೈತೆ ಪುಷ್ಪ. ಮೊದ್ಲು ಅದ್ದಿದಾಗ ಆ ಗ್ರೀಸೇ ತೂತು ಮುಚ್ಕೊಂಡಿರ್ತೈತೆ. ಒಂದ್ಸಲ ತಿರುವಿದ್ರೆ ಗ್ರೀಸ್ ಸರೀತೈತೆ, ಆಗ ಅದ್ರ ಬಣ್ಣ ಬಯಲಾಗ್ತೈತೆ. ನೂರಕ್ಕೆ ನಾಕೈದು ಹಂಗೆ ಸಿಗ್ತಾವೆ."

ಇದನ್ನು ಸಾಹೇಬರ ಮುಂದೆ ಹೇಳಬಾರದಿತ್ತೇ ಎಂದೆ. ಅಷ್ಟು ಓದಿದವರಿಗೆ ಗೊತ್ತಿರುವುದಿಲ್ಲವೇ, ತಾನು ಅವರಿಗೆ ಪಾಠ ಹೇಳಲು ಹೋದ ಹಾಗಾಗುತ್ತದೆ ಎಂದರು. ಹೇಗೂ ಬರೆಯುವವಳು ನೀನೇ ಅಲ್ಲವೇ, ನಾಳೆ ಸರಿಮಾಡಿ ಬರಿ ಎಂದು ಹೇಳಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.

ಮಾರನೇ ದಿನ ಸರಿಮಾಡಬೇಕು ಎಂದುಕೊಂಡೇ ಹೋದೆ. ಅಷ್ಟರಲ್ಲಿ ನನ್ನ ಹಾಳೆ ಮೀಟಿಂಗ್ ಕೋಣೆಯ ಪರದೆಯ ಮೇಲೆ ಬಂದಿತ್ತು. ಇಡೀ ಯೋಜನೆಯಲ್ಲಿ ಸಿಕ್ಕ ಅತ್ಯುತ್ತಮ ಅಂಶ ಇದು, ದಿನಕ್ಕೆ ಒಂಬೈನೂರು ವಾಲ್ವ್ ನೋಡುವ ಕಡೆ ಇನ್ನು ಸಾವಿರದ ನಾನೂರು ನೋಡಬಹುದು ಎಂದು ಸಲಹೆಗಾರರು ಹೇಳುತ್ತಿದ್ದರು. ಇದನ್ನು ಗುರುತಿಸಿದವರು ಯಾರು ಎಂದು ಕೇಳಿದರು. ಅಂಜನಕುಮಾರ್ ಸರ್ ನನ್ನ ಕಡೆ ಕೈ ತೋರಿಸಿ, ನಮ್ಮ ಪುಷ್ಪಲತಾ ಎಂದರು. ಚಪ್ಪಾಳೆ ಬಿತ್ತು. ಯಾರೋ ಒಂದು ಕುರ್ಚಿ ಖಾಲಿ ಮಾಡಿಕೊಟ್ಟರು, ಕೂತೆ. ಕೂತವಳಿಗೆ ಎದ್ದು ನಿಂತು ಆ ಸಾಲು ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ತೊಟ್ಟಿಯ ಮೇಲೆ ಹೊಸ ಸೂಚನೆ ಅಂಟಿತು, ಒಮ್ಮೆ ಮಾತ್ರ ಅದ್ದಬೇಕು ಎಂದು. ಹುಲಿಗೆಮ್ಮಕ್ಕ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿದರು. ಒಂದು ಸಲ ನನ್ನ ಮುಖ ನೋಡಿ, ಮುಂದಿನ ವಾಲ್ವ್ ಕೈಗೆತ್ತಿಕೊಂಡರು. ಮರುದಿನವೂ ಬಸ್ಸಿನ ಸೀಟಿನ ಮೇಲೆ ನನಗಾಗಿ ಚೀಲ ಇತ್ತು, ಅದೇ ನನಗೆ ಹೆಚ್ಚು ಚುಚ್ಚಿತು. ಕೆಂಪು ಬುಟ್ಟಿಗೆ ಬೀಳುವ ವಾಲ್ವ್‌ಗಳು ಅರ್ಧಕ್ಕೆ ಇಳಿದವು. ಅದನ್ನೂ ಸುಧಾರಣೆ ಎಂದೇ ಬರೆದುಕೊಂಡರು.

ಮೂರು ತಿಂಗಳ ಮೇಲೆ, ನಮ್ಮ ವಾಲ್ವ್ ಕೊಳ್ಳುವ ಒಲೆ ಕಂಪನಿಯಿಂದ ಕಾಗದ ಬಂತು. ದಾವಣಗೆರೆ ಸರಸ್ವತಿ ನಗರದ ಮೀನಾಕ್ಷಿ ಎಂಬ ಹೆಂಗಸು ಬೆಳಗಿನ ಹೊತ್ತು ಒಲೆ ಹಚ್ಚಲು ಹೋದಾಗ ನಾಬ್‌ನ ಸುತ್ತ ಬೆಂಕಿ ಎದ್ದಿತ್ತು. ಕಾಗದದ ಜೊತೆ ಎರಡು ಫೋಟೊ. ಒಂದರಲ್ಲಿ ಕರಕಲಾದ ನಾಬ್, ಇನ್ನೊಂದರಲ್ಲಿ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ ಎರಡು ಕೈ. ಆಕೆ ಖಾನಾವಳಿಗಳಿಗೆ ರೊಟ್ಟಿ ತಟ್ಟಿಕೊಟ್ಟು ಜೀವನ ಮಾಡುವವಳು ಎಂದು ಕಾಗದದಲ್ಲಿತ್ತು.

ಒಟ್ಟಿಗೆ ತಯಾರಾಗಿ ಹೋಗುವ ವಾಲ್ವ್‌ಗಳ ಪ್ರತಿ ಲಾಟಿನ ಚೀಟಿಯ ಮೇಲೂ ಪರೀಕ್ಷೆ ಮಾಡಿದವರ ನಂಬರು ಇರುತ್ತದೆ. ಅದು ಹುಲಿಗೆಮ್ಮಕ್ಕನ ನಂಬರು. ಅಜಾಗರೂಕತೆ ಎಂದು ವರದಿ ತಯಾರಾಯಿತು. ಗುರುವಾರ ಒಲೆ ಕಂಪನಿಯ ಇನ್‌ಸ್ಪೆಕ್ಟರ್ ಬರುತ್ತಾರೆ, ಅವರ ಮುಂದೆ ಕೆಲಸ ಮಾಡಿ ತೋರಿಸಿ, ಆಮೇಲೆ ಬರುವುದು ಬೇಡ ಎಂದು ಹುಲಿಗೆಮ್ಮಕ್ಕನಿಗೆ ತಿಳಿಸಿದರು. ಅವರು ಆಗಲಿ ಎಂದರಂತೆ.

ನಾನು ಅಂಜನಕುಮಾರ್ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಕೇಳಿದ್ದು, ಬರೆಯದೆ ಬಿಟ್ಟದ್ದು, ಚಪ್ಪಾಳೆ. ಅವರು ಕೆಟ್ಟ ಮನುಷ್ಯರಲ್ಲ. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿಕೊಂಡಿತು.

"ನಿನ್ನ ಹಾಳೇಲಿ ನಿನ್ನ ಸಹಿಗೆ ಜಾಗಾನೇ ಇಲ್ಲಮ್ಮ," ಎಂದರು. "ಸಹಿ ಮಾಡಿರೋನು ನಾನು. ಇದು ಹೊರಗೆ ಬಂದ್ರೆ ಆರ್ಡರ್ ಹೋಗ್ತೈತೆ, ಎಂಬತ್ತು ಜನ ಮನೀಗೆ ಹೋಗ್ತಾರೆ. ನೀನು ಟ್ರೈನಿ. ನಿನಗೆ ಯಾಕ ಬೇಕು ಇದು?"

ಮುಂದಿನ ವಾರ ನನ್ನ ಕೆಲಸ ಕಾಯಂ ಆಗುವುದಿತ್ತು. ಅದನ್ನೂ ನೆನಪಿಸಿ ಕಳಿಸಿದರು. ನನ್ನ ಕೋಪ ಅವತ್ತು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಒಳ್ಳೆಯದಾದಾಗ ನಮ್ಮ ಪುಷ್ಪಲತಾ, ಕೆಟ್ಟದಾದಾಗ ಸಹಿಗೂ ಜಾಗವಿಲ್ಲದವಳು. ಆದರೆ ಆ ಮಾತು ಕೇಳಿದಾಗ ನನ್ನೊಳಗೆ ಒಂದು ಮೂಲೆಯಲ್ಲಿ ಉಸ್ಸಪ್ಪಾ ಎನ್ನಿಸಿದ್ದೂ ನಿಜ. ಆ ಸಮಾಧಾನವನ್ನು ನೆನೆದರೆ ಹೆಚ್ಚು ಅಸಹ್ಯವಾಗುತ್ತದೆ.

ಗುರುವಾರ ಇನ್‌ಸ್ಪೆಕ್ಟರ್ ಬಂದರು. ಅದೇ ಲಾಟಿನ, ಇನ್ನೂ ಒಲೆಗೆ ಕೂಡಿಸದ ಇಪ್ಪತ್ತು ವಾಲ್ವ್ ತಂದಿದ್ದರು. ಸಮಯ ಬರೆದುಕೊಳ್ಳಲು ಮತ್ತೆ ನನ್ನನ್ನೇ ನಿಲ್ಲಿಸಿದ್ದರು. ಹುಲಿಗೆಮ್ಮಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಸೂಚನೆಯಲ್ಲಿ ಇದ್ದ ಹಾಗೆ ಒಂದೊಂದನ್ನೂ ಒಮ್ಮೆ ಮಾತ್ರ ಅದ್ದಿದರು. ಇಪ್ಪತ್ತರಲ್ಲಿ ಒಂದರಲ್ಲೂ ಗುಳ್ಳೆ ಬರಲಿಲ್ಲ. ಹಾಗಾದರೆ ಪರೀಕ್ಷೆಯ ವಿಧಾನ ಸರಿ ಇದೆ, ಆ ಒಂದನ್ನು ಈಯಮ್ಮ ಸರಿಯಾಗಿ ನೋಡಿಲ್ಲ ಅಷ್ಟೇ ಎನ್ನುತ್ತಾ ಇನ್‌ಸ್ಪೆಕ್ಟರ್ ಪೆನ್ನು ತೆಗೆದರು.

"ಅಕ್ಕ," ಎಂದೆ, "ಒಂದ್ಸಲ ತಿರುವಿ ಮತ್ತೆ ಅದ್ದ್ರಿ."

ಹುಲಿಗೆಮ್ಮಕ್ಕ ಅಂಜನಕುಮಾರ್ ಸರ್ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು. ಬೇಡ ಎಂದು ಅವರು ಹೇಳಲಿಲ್ಲ, ಇದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಹುಲಿಗೆಮ್ಮಕ್ಕ ಮೊದಲಿನಿಂದ ಶುರುಮಾಡಿದರು. ಹದಿನಾರರಲ್ಲಿ ಏನೂ ಇಲ್ಲ. ಹದಿನೇಳನೆಯದನ್ನು ತಿರುವಿ ಅದ್ದಿದಾಗ ಕಡ್ಡಿಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಕಟ್ಟಿತು. ಅದು ಮೇಲೆ ಬಂದು ಒಡೆಯಿತು, ಹಿಂದೆಯೇ ಇನ್ನೊಂದು ಬಂತು.

ಈ ಹಂತವನ್ನು ತೆಗೆಸಿದ್ದು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ನಾನೇ, ಕಾರಣ ಗೊತ್ತಾದ ಮೇಲೂ ಕಾರಣ ಇಲ್ಲ ಎಂಬುದನ್ನೇ ಉಳಿಸಿದೆ ಎಂದೆ. ಅದಕ್ಕೆ ಸಹಿ ಹಾಕಿದ್ದು ತಾನು ಎಂದು ಅಂಜನಕುಮಾರ್ ಸರ್ ಸಣ್ಣ ದನಿಯಲ್ಲಿ ಸೇರಿಸಿದರು.

ಎರಡನೇ ಸಲ ಅದ್ದುವುದು ಮತ್ತೆ ಶುರುವಾಯಿತು. ಹುಲಿಗೆಮ್ಮಕ್ಕನ ಕೆಲಸ ಉಳಿಯಿತು. ಆರ್ಡರ್ ಅರ್ಧ ಹೋಯಿತು, ಅರ್ಧ ಉಳಿಯಿತು. ಆ ಲಾಟಿನ ಒಲೆಗಳನ್ನು ವಾಪಸು ತರಿಸಬೇಕು ಎಂದು ಒಲೆ ಕಂಪನಿ ಅಂಗಡಿಗಳಿಗೆ ಕಾಗದ ಬರೆಯಿತು. ನನ್ನನ್ನು ಕಾಯಂ ಮಾಡಲಿಲ್ಲ, ತಿಂಗಳ ಕೊನೆಗೆ ಬಿಡಬಹುದು ಎಂದರು. ಅವತ್ತು ಬಸ್ಸಿನಲ್ಲಿ ಕೂತಾಗ ನನಗೆ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು ಎಂದರೆ ನಂಬಬೇಕು. ಕೆಲಸ ಕಳೆದುಕೊಂಡು ಸತ್ಯ ಹೇಳಿದವಳು ನಾನು. ಪಕ್ಕದವರು ಒಂದು ಒಳ್ಳೆಯ ಮಾತು ಆಡಲಿ ಎಂದು ಕಾಯುತ್ತಿದ್ದೆ.

"ಭಾಳ ದೊಡ್ಡ ಕೆಲ್ಸ ಮಾಡ್ದೆ ಅಂತ ತಿಳ್ಕೋಬ್ಯಾಡ ಪುಷ್ಪ," ಎಂದರು ಹುಲಿಗೆಮ್ಮಕ್ಕ. "ನಾನೂ ಏನು ಸಾಚಾ ಅಲ್ಲ. ಮೂರು ತಿಂಗ್ಳು ದಿನಾ ಒಂದೇ ಸಲ ಅದ್ದಿ ಹಸಿರು ಬುಟ್ಟಿಗೆ ಹಾಕಿದಾಕಿ ನಾನು. ನಂಗೂ ಗೊತ್ತಿತ್ತು. ಆ ಹೆಣ್ಮಗಳ ಮುಖ ನೋಡ್ದಲೆ ಆ ಸ್ಟೂಲ್ ಮ್ಯಾಲೆ ಕೂರಕ್ಕೆ ನನ್ ಕೈಲಿ ಆಗಲ್ಲ."

ಭಾನುವಾರ ಇಬ್ಬರೂ ಸರಸ್ವತಿ ನಗರಕ್ಕೆ ಹೋದೆವು. ವಿಳಾಸ ಆ ಕಾಗದದಲ್ಲಿತ್ತು. ಬಾಗಿಲು ತೆಗೆದದ್ದು ಹತ್ತು ಹನ್ನೆರಡು ವರ್ಷದ ಮಗಳು. ಮೀನಾಕ್ಷಿ ಒಳಗೆ ಚಾಪೆಯ ಮೇಲೆ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು, ನನ್ನ ದೊಡ್ಡಕ್ಕನ ವಯಸ್ಸಿನವರು. ಯಾರು ನೀವು ಎಂದು ಕೇಳಿದರು. ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡು ಬಂದಿದ್ದ ಮಾತು ಶುರುಮಾಡುವ ಮೊದಲೇ ಹುಲಿಗೆಮ್ಮಕ್ಕ ಹೇಳಿದರು.

"ನಿಮ್ಮ ಒಲೀದು ವಾಲ್ವ್ ನೋಡಿ ಚಲೋ ಐತೆ ಅಂತ ಬಿಟ್ಟಾಕಿ ನಾನು ತಾಯಿ. ಎಲ್ಡನೇ ಸಲ ನೋಡಾದು ಬ್ಯಾಡ ಅನ್ನಂಗೆ ಬರ್ದಾಕಿ ಇಕಿ."

ಮೀನಾಕ್ಷಿ ಬೈದಿದ್ದರೆ ಚೆನ್ನಾಗಿತ್ತು. ನೀರು ಕೊಡು ಎಂದು ಮಗಳಿಗೆ ಹೇಳಿದರು. ಬೆರಳು ಮಡಚಲು ಇನ್ನೂ ಆರು ತಿಂಗಳಾದರೂ ಬೇಕಂತೆ, ರೊಟ್ಟಿಯ ಮಾತು ಆಮೇಲೆ ಎಂದಿದ್ದಾರಂತೆ ಡಾಕ್ಟರು. ಅಂಗಡಿಯವರು ಬಂದು ಒಲೆ ತೆಗೆದುಕೊಂಡು ಹೋದರೇ ಎಂದು ನಾನು ಕೇಳಿದೆ. ತಮ್ಮದನ್ನು ಕಂಪನಿಯವರು ಒಯ್ದರು ಎಂದರು.

"ಒಂದೇ ದಿನ ಮೂರು ಮನಿಯೋರು ಕೂಡಿ ತಂದಿದ್ವಿ ರೀ. ಹಿಂದಿನ ಮನಿ ರಂಗವ್ವಂದು, ಮೂಲಿ ಮನಿ ನಿಖತ್‌ದು. ಅವ್ರ ಮನೀಗೆ ಯಾರೂ ಬಂದಿಲ್ಲ. ಇವತ್ತೂ ಅದ್ರಾಗೇ ಅಡಿಗಿ ಮಾಡ್ತಾರೆ."

ಹುಲಿಗೆಮ್ಮಕ್ಕ ನೀರಿನ ಲೋಟ ಕೆಳಗಿಟ್ಟು ಎದ್ದರು. ಒಂದು ಬಟ್ಟಲು ಮತ್ತು ಸೋಪಿನ ಪುಡಿ ಕೇಳಿ ಇಸಕೊಂಡು ನೊರೆ ಕಲಸಿದರು; ಗ್ಯಾಸ್ ಸೋರುವ ಕಡೆ ಹಚ್ಚಿದರೆ ಅದರಲ್ಲಿ ಗುಳ್ಳೆ ಏಳುತ್ತದೆ. ಮೀನಾಕ್ಷಿಯ ಮಗಳು ದಾರಿ ತೋರಿಸಲು ಮುಂದೆ ಹೋದಳು.

ರಂಗವ್ವನ ಮನೆಯಲ್ಲಿ ಒಲೆ ಆರಿಸಿ, ಸಿಲಿಂಡರ್ ಮಾತ್ರ ತೆರೆದಿಟ್ಟು, ನಾಬ್ ಕಿತ್ತು ಅದರ ಬುಡಕ್ಕೆ ನೊರೆ ಹಚ್ಚಿ ಬಗ್ಗಿ ನೋಡಿದೆವು. ಏನೂ ಆಗಲಿಲ್ಲ. ರಂಗವ್ವ ನಮ್ಮನ್ನು ಯಾರೋ ಹುಚ್ಚರೆಂಬಂತೆ ನೋಡುತ್ತಿದ್ದರು. ಮೂಲೆ ಮನೆಯಲ್ಲಿ ನಿಖತ್ ಮಕ್ಕಳಿಗೆ ಹಾಲು ಕಾಯಿಸುತ್ತಿದ್ದರು. ಪಾತ್ರೆ ಇಳಿಸಲು ಹೇಳಿ, ಒಲೆ ಆರಿಸಿ, ಎಡಗಡೆಯ ನಾಬ್‌ಗೆ ನೊರೆ ಹಚ್ಚಿದೆವು. ಅದೂ ಸರಿ ಇತ್ತು. ಬಲಗಡೆಯದಕ್ಕೆ ಹಚ್ಚಿ ಬಗ್ಗಿ ನೋಡಿದೆ. ನೊರೆಯ ನಡುವೆ ಒಂದು ಗುಳ್ಳೆ ಮೆಲ್ಲಗೆ ಉಬ್ಬಿ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಉಬ್ಬಿತು.

ಹುಲಿಗೆಮ್ಮಕ್ಕ ರೆಗ್ಯುಲೇಟರ್ ಬಂದ್ ಮಾಡಿ, ಪೈಪು ಬಿಡಿಸಿ, ಒಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಅದನ್ನು ತಬ್ಬಿ ಹಿಡಿದು ನಿಂತಾಗ ನನಗೆ ಅಳು ತಡೆಯಲಾಗಲಿಲ್ಲ. ನಿಖತ್ ಗಾಬರಿಯಾಗಿ ಏನಾಯಿತು ಎಂದು ಕೇಳುತ್ತಿದ್ದರು. ನಾನು ಗ್ರೀಸಿನಿಂದ ಹಿಡಿದು ನನಗೆ ಬಿದ್ದ ಚಪ್ಪಾಳೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿಸಿಕೊಂಡರು. ಮುಂದಿನ ಓಣಿಯಲ್ಲೂ ಈ ಒಲೆ ತಂದವರು ಇದ್ದಾರೆ, ಎಷ್ಟು ಮನೆ ಎಂದು ಗೊತ್ತಿಲ್ಲ ಎಂದರು. ಆ ಒಲೆಯನ್ನು ಬಾಗಿಲ ಹೊರಗಿಟ್ಟು, ಕಂಪನಿಯವರು ಬಂದು ಒಯ್ಯುವವರೆಗೆ ಹಚ್ಚಬೇಡಿ ಎಂದು ಹೇಳಿ, ನಾವು ಬಟ್ಟಲಿಗೆ ಇನ್ನಷ್ಟು ನೀರು ಹಾಕಿಸಿಕೊಂಡು ಆ ಓಣಿಗೆ ಹೊರಟೆವು.