ತಕರಾರಿನವರು ಬಂದ ದಿನ

"ಕುರ್ಚಿ ಬೇಡಮ್ಮ, ನಾನು ನಿಂತೇ ಇರ್ತೀನಿ," ಎಂದರು ಎತ್ತರದ ಮುದುಕರು. ಅಷ್ಟರಲ್ಲಿ ಮಗಳು ಕುರ್ಚಿ ಎಳೆದು ತಂದಾಗಿತ್ತು. ಒಳಗೆ ಹೂವಿನ ನಡುವೆ ಅಮ್ಮ ಮಲಗಿದ್ದಳು. ಎಪ್ಪತ್ತೊಂದು ವರ್ಷ ತುಂಬಿ, ನಿದ್ದೆಯಲ್ಲೇ ಹೋಗಿದ್ದಳು.

"ತಾವು ಯಾರು ಅಂತ ಗೊತ್ತಾಗ್ಲಿಲ್ಲ."

"ನಿಮ್ಮಮ್ಮನ ಜೊತೆ ಇಪ್ಪತ್ತೆರಡು ವರ್ಷ ಜಗಳ ಆಡಿದೋನು. ಬರೀ ಇಮೇಲಲ್ಲಿ. ಮುಖ ನೋಡ್ತಿರೋದು ಇವತ್ತೇ."

ಅತ್ತು ಊದಿದ್ದ ಮಗಳ ಮುಖದಲ್ಲಿ ನಗು ಸುಳಿಯಿತು. "ಓ, ತಕರಾರಿನವರಾ! ಅಮ್ಮ ನಿಮ್ಮನ್ನ ಹಾಗೇ ಕರೀತಿದ್ದಿದ್ದು."

ಚಿಕ್ಕಮ್ಮ ಹತ್ತಿರ ಸರಿದರು. "ನಮ್ಮಕ್ಕ ಏನು ಕೆಲಸ ಮಾಡ್ತಿದ್ಲು ಅಂತ ನೀವಾದ್ರೂ ಹೇಳಿ. ಕೇಳಿದಾಗೆಲ್ಲ 'ಸೋರೋದನ್ನ ನಿಲ್ಲಿಸ್ತೀನಿ' ಅಂತಿದ್ಲು. ನಲ್ಲಿ ರಿಪೇರಿನಾ ಅಂತ ರೇಗಿಸ್ತಿದ್ದೆ."

"ಹೆಚ್ಚುಕಮ್ಮಿ ಅದೇ. ಪ್ರೋಗ್ರಾಂ ಒಂದು ಫೈಲ್ ತೆರೆದ್ರೆ, ಕಂಪ್ಯೂಟರಿನ ಒಳಗೆ ಎಲ್ಲಾನೂ ನಡೆಸೋ ಕರ್ನೆಲ್ ಅನ್ನೋ ಮೂಲ ಪ್ರೋಗ್ರಾಂ ಅದಕ್ಕೊಂದು ನಂಬರ್ ಕೊಡುತ್ತೆ. ನಿಮ್ಮಕ್ಕ ಬರೀತಿದ್ದಿದ್ದು ಆ ಕರ್ನೆಲ್ಲನ್ನೇ. ಮಧ್ಯೆ ಏನಾದ್ರೂ ಎಡವಟ್ಟಾದ್ರೆ ನಂಬರ್ ವಾಪಸ್ ಬರಲ್ಲ. ಹೀಗೇ ಸೋರಿ ಸೋರಿ ನಂಬರೆಲ್ಲ ಖಾಲಿಯಾದ್ರೆ, ಕೆಲಸ ನಿಂತೇಹೋಗುತ್ತೆ."

*

ಆಸ್ಪತ್ರೆಯೊಂದರ ಕಂಪ್ಯೂಟರ್ ಹತ್ತೊಂಬತ್ತು ದಿನಕ್ಕೊಮ್ಮೆ ಹಾಗೆ ನಿಲ್ಲುತ್ತಿತ್ತು. ವಾರಕ್ಕೊಮ್ಮೆ ಆಫ್ ಮಾಡಿ ಆನ್ ಮಾಡಿದರಾಯಿತು ಎಂದು ಎಲ್ಲರೂ ಕೈತೊಳೆದುಕೊಂಡರು. ಅಮ್ಮ ಮಾತ್ರ ಪಟ್ಟುಹಿಡಿದು ಆರು ವಾರ ಕರ್ನೆಲ್ಲಿನ ಕೋಡಿನ ಸಾಲುಸಾಲನ್ನೂ ಜಾಲಾಡಿದಳು. ಸಿಕ್ಕಿತು. ನಂಬರ್ ಕೊಟ್ಟ ಮೇಲೆ ಫೈಲಿಗೆ ಬೇಕಾದ ಮೆಮೊರಿ ಸಿಗದಿದ್ದರೆ, ಕೋಡು ಆ ನಂಬರನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಿತ್ತು. ಬರೆದವರು ಯಾರೆಂದು ನೋಡಿದರೆ ಅವಳದೇ ಹೆಸರು! ಹನ್ನೊಂದು ವರ್ಷ ಹಿಂದಿನದು.

"ಸುಮ್ನೆ ಸರಿಮಾಡಿಬಿಡಮ್ಮ, ಯಾರು ನೋಡ್ತಾರೆ?" ಎಂದಿದ್ದಳು ಮಗಳು.

"ಬಚ್ಚಿಟ್ರೆ ಇನ್ನೊಬ್ರೂ ಇದೇ ಗುಂಡಿಗೆ ಬೀಳ್ತಾರೆ ಕಣೇ."

ತಪ್ಪು ತನ್ನದೆಂದು ಜೊತೆಗೆ ಕೋಡು ಬರೆಯುವ ಎಲ್ಲರಿಗೂ ಇಮೇಲ್ ಬರೆದಳು. ಹತ್ತೇ ನಿಮಿಷದಲ್ಲಿ ತಕರಾರಿನವರ ಉತ್ತರ: "ಅಂದು ಅದನ್ನು ಪರಿಶೀಲಿಸಿ ಒಪ್ಪಿದ್ದು ನಾನು. ಅರ್ಧ ತಪ್ಪು ನನ್ನದು. ಅಂದಹಾಗೆ, ನಿಮ್ಮ ರಿಪೇರಿಯೂ ಸರಿಯಿಲ್ಲ." ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ರಿಪೇರಿಯನ್ನು ಹದಿನಾಲ್ಕು ಸಲ ಬರೆದಳು, ಹದಿಮೂರು ಸಲ ಅವರು ವಾಪಸ್ ಕಳಿಸಿದರು. ಕೊನೆಗೆ ಒಂದು ಕ್ರಮ ಗಟ್ಟಿಯಾಯಿತು: ಎಡವಬಹುದಾದ ಕೆಲಸವೆಲ್ಲ ಮುಗಿದ ಮೇಲೆಯೇ ಫೈಲನ್ನು ನಂಬರಿಗೆ ಜೋಡಿಸುವುದು, ನಡುವೆ ಕೆಟ್ಟರೆ ನಂಬರ್ ತಾನಾಗಿ ಹಿಂದಿರುಗುವುದು.

*

"ಆಮೇಲೆ ಆ ಆಸ್ಪತ್ರೆದು?" ಇಬ್ಬರ ಬಾಯಲ್ಲೂ ಈ ಕಥೆ ಕೇಳಿದ ಚಿಕ್ಕಮ್ಮ ವಿಚಾರಿಸಿದರು.

"ಮತ್ತೆ ನಿಂತಿಲ್ಲ. ಆ ಕ್ರಮದಲ್ಲಿ ಬರೆಯೋ ಹೊಸಬರಿಗೆ ಈಗ ಆ ತಪ್ಪು ಮಾಡ್ತೀನಂದ್ರೂ ಆಗಲ್ಲ. ಆ ಕ್ರಮ ಯಾರು ಮಾಡಿಟ್ಟಿದ್ದು ಅಂತಾನೂ ಅವರಿಗೆ ಗೊತ್ತಿಲ್ಲ."

"ಅಮ್ಮಂಗೆ ಅದೇ ಖುಷಿ," ಎಂದಳು ಮಗಳು.

ಹೊರಡುವ ಹೊತ್ತಾಯಿತು. ಚಟ್ಟಕ್ಕೆ ಹೆಗಲು ಕೊಡಲು ಮಗಳೂ ಸೇರಿ ಮೂವರಿದ್ದರು, ನಾಲ್ಕನೆಯವರು ಬೇಕಿತ್ತು. ಮಗಳು ಮುದುಕರತ್ತ ತಿರುಗಿ ನೋಡಿದಳು. ಮುದುಕರು ಕನ್ನಡಕ ತೆಗೆದು ಜೇಬಿಗಿಟ್ಟು ಮುಂದೆ ಬಂದರು. ತೀರಾ ಎತ್ತರದ ಆಳು. ಚಟ್ಟದ ಒಂದು ಬದಿ ಮೇಲಾಗದಂತೆ ಮೊಣಕಾಲು ತುಸು ಬಾಗಿಸಿ, ಪಕ್ಕದಲ್ಲಿದ್ದ ಮಗಳ ಹೆಗಲಿನ ಮಟ್ಟಕ್ಕೆ ತಮ್ಮದನ್ನು ತಗ್ಗಿಸಿ, ಬೀದಿಯ ತುದಿಯವರೆಗೂ ಹಾಗೇ ನಡೆದರು.