ಎರಡನೆಯ ಏಟು

ಒಂದು ಕೆನ್ನೆಯೇಟಿಗೆ ಗೋಪಾಲಪ್ಪನ ಮಗಳು ಗೇಣಿ ಗದ್ದೆ ಕಳೆದಳು ಎಂದು ನಮ್ಮೂರಿನ ಮುದುಕರು ಈಗಲೂ ಹೇಳುತ್ತಾರೆ. ಲೆಕ್ಕ ತಪ್ಪು. ಏಟು ಒಂದಲ್ಲ, ಎರಡು. ಹೊಡೆದವಳು ನಾನೇ, ವನಜಾ. ನನಗಿಂತ ಚೆನ್ನಾಗಿ ಅದರ ಲೆಕ್ಕ ಬಲ್ಲವರು ಯಾರು?

ಐವತ್ತೆಂಟನೆಯ ಇಸವಿ, ಸಂಕ್ರಾಂತಿ ಕಳೆದಿತ್ತು. ಗುಡವಿಯ ಆಚೆಗಿದ್ದ ನಮ್ಮ ಮಿಡ್ಲ್ ಸ್ಕೂಲಿನ ಎಂಟನೇ ಕ್ಲಾಸಿಗೆ ನಾನು ಲೀಡರ್. ಓಟು ಹಾಕಿ ಆರಿಸಿದ್ದಲ್ಲ, ಯಾರ ಶಿಫಾರಸೂ ಅಲ್ಲ. ಪರೀಕ್ಷೆಯಲ್ಲಿ ಮೊದಲು ಬಂದವರೇ ಲೀಡರ್ ಎಂಬುದು ಮಲ್ಲಿಕಾರ್ಜುನಪ್ಪ ಮೇಷ್ಟರ ಕಾನೂನು. ಶಿಕಾರಿಪುರದ ಕಡೆಯ ಮನುಷ್ಯ. ಬಾಯಿ ದೊಡ್ಡದು, ಬೆತ್ತ ಇನ್ನೂ ದೊಡ್ಡದು.

ಲೀಡರ್ ಆದವರು ಗಂಟೆ ಹೊಡೆಯಬೇಕು, ಪ್ರಾರ್ಥನೆ ಹೇಳಿಸಬೇಕು, ಮೇಷ್ಟರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕು. ಇವುಗಳ ಜೊತೆಗೆ ಇನ್ನೊಂದು ಕೆಲಸವಿತ್ತು. ಪ್ರಶ್ನೆಗೆ ಉತ್ತರ ಹೇಳಲಾರದವರು ಎದ್ದು ನಿಲ್ಲಬೇಕು. ಕೊನೆಗೆ ಲೀಡರ್ ಉತ್ತರ ಹೇಳಿ, ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಸದ್ದು ಮೇಷ್ಟರ ಕುರ್ಚಿಯ ತನಕ ಕೇಳಬೇಕು. ಮೆಲ್ಲಗೆ ಹೊಡೆದರೆ, ಹೇಗೆ ಹೊಡೆಯಬೇಕೆಂದು ಮೇಷ್ಟರು ಲೀಡರಿನ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಆದರೆ ಉತ್ತರ ಗೊತ್ತಿಲ್ಲದವರು ಯಾರ ಮೇಲೂ ಕೈ ಎತ್ತುವಂತಿಲ್ಲ. ಆ ನಿಯಮ ನನಗೆ ಬಹಳ ಹಿಡಿಸಿತ್ತು. ಹೊಡೆಯುವುದೂ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ?

ಅದೇ ಕ್ಲಾಸಿನಲ್ಲಿ ಮಾಬ್ಲೇಶ್ವರನಿದ್ದ. ಅವನ ಅಪ್ಪ ನಾಗಪತಿ ನಮ್ಮ ಒಡೆಯರು. ನಾವು ಉಳುತ್ತಿದ್ದ ಗದ್ದೆ ಅವರದು. ಪ್ರತಿ ಯುಗಾದಿಗೆ ‘ಈ ವರ್ಷವೂ ನೀನೇ ಮಾಡು’ ಎಂದು ಅವರ ಬಾಯಿಂದ ಬಂದರೆ ನಮ್ಮ ಮನೆಯಲ್ಲಿ ಒಲೆ ಉರಿಯಬೇಕು. ಮಗನಿಗೆ ಅದು ಚೆನ್ನಾಗಿ ಗೊತ್ತಿತ್ತು. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ‘ಏ ಗೇಣಿ’ ಎನ್ನುತ್ತಿದ್ದ. ಅವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಲೀಡರ್ ಆದ ದಿನವೇ ಅಪ್ಪ ಎಚ್ಚರಿಸಿದ್ದ. “ಬೇರೆ ಯಾರಿಗಾರೂ ಹೊಡಿ ಮಗಾ. ಒಡೇರ ಹುಡುಗನ ಮೈಮೇಲೆ ಕೈ ಹಾಕ್ಬೇಡ. ಗದ್ದೆ ಹೋತು ಅಂದ್ರೆ ಉಣ್ಣೋಕೆ ಎಲ್ಲಿಗೆ ಹೋಗಾದು?”

ಹಾಗಾಗಿ ಮಾಬ್ಲೇಶ್ವರ ನಿಂತಾಗಲೆಲ್ಲ ನಾನೂ ಬಾಯಿ ಮುಚ್ಚಿ ನಿಂತೆ. ದಡ್ಡರ ಸಾಲಿನಲ್ಲಿ ದಡ್ಡಿಯಾಗಿ ನಿಲ್ಲುವುದು ಎಂಥ ನರಕವೆಂದು ಉತ್ತರ ಗೊತ್ತಿದ್ದವರಿಗೇ ಗೊತ್ತು. ಅವನು ಪಕ್ಕದಲ್ಲಿ ನಿಂತು ಕಿಸಕ್ಕನೆ ನಗುತ್ತಿದ್ದ. ಲೀಡರೇ ಉತ್ತರ ಹೇಳದಿದ್ದರೆ ಇಡೀ ಕ್ಲಾಸಿಗೆ ಬೆತ್ತದೇಟು. ನನ್ನಿಂದಾಗಿ ಬೆತ್ತದೇಟು ತಿಂದ ಹುಡುಗಿಯರು ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ಸಲ ಮೇಷ್ಟರಿಗೆ ನನ್ನ ಕಳ್ಳಾಟ ತಿಳಿದುಹೋಯಿತು.

“ಏನವ್ವಾ ಲೀಡರು, ಬಾಯಾಗ ಅವಲಕ್ಕಿ ಇಟ್ಕಂಡೀಯೇನು? ಗೊತ್ತಿದ್ದೂ ಸುಮ್ನ ನಿಲ್ಲೋದು ಕಳ್ಳತನ. ಇನ್ನೊಂದು ಸಲ ಹಿಂಗ ಮಾಡಿದ್ರ ಲೀಡರ್‌ಕೀನೂ ಇಲ್ಲ, ಶಿಕಾರಿಪುರಾನೂ ಇಲ್ಲ.”

ಮುಂದಿನ ತಿಂಗಳು ಶಿಕಾರಿಪುರದಲ್ಲಿ ಶಾಲಾ ಲೀಡರುಗಳ ಶಿಬಿರವಿತ್ತು. ಶಾಲೆಗೆ ಒಬ್ಬರು, ಮೂರು ದಿನ, ಹೋಗಿಬರಲು ಬಸ್ಸು. ನಾನು ಸೊರಬದ ಸಂತೆಯನ್ನು ದಾಟಿ ಹೋದವಳಲ್ಲ, ಬಸ್ಸಿನ ಒಳಗೆ ಹೇಗಿರುತ್ತದೆಂದು ನೋಡಿದವಳಲ್ಲ. ನಾನು ಬಿಟ್ಟರೆ ಹೆಡ್‌ಮೇಷ್ಟರು ಕಳಿಸುವುದು ಮಾಬ್ಲೇಶ್ವರನನ್ನೇ ಎಂದು ಶಾಲೆಗೆಲ್ಲ ಗೊತ್ತಿತ್ತು.

ಮಾರನೆಯ ದಿನ ಮೇಷ್ಟರು, “ಮೂರು ಎಕರೆಗೆ ಎಷ್ಟು ಗುಂಟೆ?” ಎಂದರು. ಮಾಬ್ಲೇಶ್ವರ ಎದೆಯುಬ್ಬಿಸಿ “ಮುನ್ನೂರು ಸಾರ್” ಎಂದ. ಆಗಷ್ಟೇ ನಯಾಪೈಸೆ ಬಂದು ರೂಪಾಯಿಗೆ ನೂರಾಗಿತ್ತು. ಎಕರೆಗೂ ನೂರೇ ಎಂದು ತಿಳಿದಿದ್ದ ಮಹಾನುಭಾವ. ಅವರ ಮನೆಯ ಗದ್ದೆಯಲ್ಲಿ ಒಮ್ಮೆಯಾದರೂ ಕಾಲಿಟ್ಟಿದ್ದರೆ ತಾನೇ?

“ನೂರಿಪ್ಪತ್ತು,” ಎಂದೆ. ಅವನ ಮೂಗು ಹಿಡಿದೆ. ಬಾರಿಸಿದೆ. ಅದು ಮೊದಲನೆಯ ಏಟು. ಮೇಷ್ಟರ ಅಪ್ಪಣೆಯಂತೆ, ನಿಯಮದಂತೆ ಹೊಡೆದದ್ದು. ಖುಷಿ ಮಾತ್ರ ನನ್ನದು.

ಸಂಜೆಗೆ ಒಡೆಯರ ಕಣದಿಂದ ಕರೆ ಬಂತು. ಒಕ್ಕಲಾಟ ನಡೆದಿತ್ತು, ಹತ್ತು ಹನ್ನೆರಡು ಆಳುಗಳಿದ್ದರು. ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದ.

“ಏನಾ ಗೋಪಾಲಪ್ಪ,” ಎಂದರು ನಾಗಪತಿ. “ಮಗಳನ್ನ ಶಾಲೆಗೆ ಕಳ್ಸಿದ್ದು ಓದೂಕೋ, ನಮ್ಮ ಮಾಣಿಗೆ ಹೊಡ್ಯೂಕೋ?”

“ತಪ್ಪಾತು ಒಡೆಯಾ. ಹುಡುಗಿ, ತಿಳೀಲಿಲ್ಲ.”

“ತಪ್ಪಾತು ಅಂದ್ರೆ ಮುಗೀತಾ? ಹತ್ತು ಜನರ ಎದುರು ಹೊಡ್ದಿದ್ದು ಹತ್ತು ಜನರ ಎದುರೇ ವಾಪಸ್ ಆಗ್ಲಿ. ಮಾಬ್ಲಾ, ಬಾ ಇಲ್ಲಿ. ಮೂಗು ಹಿಡಿ, ಬಾರ್ಸು.”

ಮಾಬ್ಲೇಶ್ವರ ತೋಳು ಏರಿಸುತ್ತ ಬಂದ. ಆಳುಗಳೆಲ್ಲ ಕೆಲಸ ನಿಲ್ಲಿಸಿದರು. ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು.

“ಉತ್ತರ ಗೊತ್ತಿಲ್ದೋರು ಹೊಡಿಯಂಗಿಲ್ಲ,” ಎಂದೆ. “ನಾ ಒಂದ್ ಪ್ರಶ್ನೆ ಕೇಳ್ತೀನಿ. ಹೇಳಿದ್ರೆ ಎರಡೂ ಕೆನ್ನೆ ಕೊಡ್ತೀನಿ.”

ಅಪ್ಪ ನನ್ನ ರಟ್ಟೆ ಹಿಂಡಿದ. ನಾಗಪತಿ ನಕ್ಕರು. ತಮ್ಮ ಮಗನ ಮೇಲೆ ಅಷ್ಟು ನಂಬಿಕೆ ಪಾಪ. “ಕೇಳು, ಕೇಳು,” ಎಂದರು.

“ಕೆರೆ ಕೆಳಗಿನ ನಿಮ್ ಗದ್ದೆ ಐದು ಎಕ್ರೆ. ಅದ್ರಲ್ಲಿ ಒಂದ್ ಎಕ್ರೆ ಮೂವತ್ತು ಗುಂಟೆ ನಿಮ್ ಸ್ವಂತ ಸಾಗುವಳಿ. ಉಳಿದಿದ್ದು ನಮ್ ಕೈಲೈತೆ. ಅದೆಷ್ಟು?”

ಮಾಬ್ಲೇಶ್ವರ ಬೆರಳು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಬೆಳಿಗ್ಗೆ ಕೆನ್ನೆ ಊದಿದರೂ ಎಕರೆಗೆ ನಲವತ್ತು ಗುಂಟೆ ಎಂಬುದು ತಲೆಗೆ ಇಳಿದಿರಲಿಲ್ಲ. “ಮೂರು ಎಕರೆ ಎಪ್ಪತ್ತು ಗುಂಟೆ,” ಎಂದ.

ಆಳು ಕರಿಯಣ್ಣನಿಗೆ ತಡೆಯಲಾಗಲಿಲ್ಲ. “ಒಂದೂವರೆ ಎಕ್ರೆ ಲಾಭ ಆತಲ್ಲೋ ಗೋಪಾಲಪ್ಪ!” ಎಂದುಬಿಟ್ಟ. ಕಣವೆಲ್ಲ ನಕ್ಕಿತು. ನಾಗಪತಿಯವರ ಮುಖ ಕೆಂಪಾಯಿತು, ನಗು ನಿಂತಿತು.

“ನೀ ಹೇಳಾ ಗೋಪಾಲಪ್ಪ. ಎಷ್ಟು?”

ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನೆಲ ನೋಡುತ್ತ ಹೇಳಿದ: “ಮೂರ್ ಎಕ್ರೆ ಹತ್ತು ಗುಂಟೆ, ಒಡೆಯಾ.”

“ಎಷ್ಟು ದಿವ್ಸಕ್ಕೆ?”

“ತಮ್ ಬಾಯಿಂದ ಬಂದಷ್ಟು ದಿವ್ಸಕ್ಕೆ.”

“ಹಾಂಗೆ ಬಾ ದಾರಿಗೆ. ನಿಂಗೆ ಉತ್ತರ ಗೊತ್ತುಂಟಲ, ಹಾಂಗಾದ್ರೆ ನೀನೇ ಹೊಡಿ. ನಿನ್ನ ಮಗಳ ಶಾಲೆ ಕಾನೂನೇ ಆತು.”

ಶಾಲೆಯ ಕಾನೂನಿನ ಪ್ರಕಾರ ಏಟು ಯಾರಿಗೆ ಬೀಳಬೇಕೆಂದು ಕಣದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾಬ್ಲೇಶ್ವರನಿಗೂ ಗೊತ್ತಿತ್ತು, ಅವನ ಕೈ ತಾನಾಗಿ ಕೆನ್ನೆಗೆ ಹೋಯಿತು. ಅಪ್ಪ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮೂಗು ಹಿಡಿದು, ಬಾರಿಸಿದ.

ಅಲ್ಲಿಯವರೆಗೆ ಅಪ್ಪ ನನಗೆ ಒಮ್ಮೆಯೂ ಹೊಡೆದವನಲ್ಲ. ನೇಗಿಲು ಹಿಡಿದ ಕೈ ಅದು, ಕಿವಿ ಗುಂಯ್ ಎಂದಿತು. ನಾನು ಅಳಲಿಲ್ಲ. ಒಡೆಯರು “ಸಾಕು, ಹೋಗಿ” ಎಂದರು. ಅಪ್ಪ ಅವರಿಗೆ ಕೈ ಮುಗಿದ. ಆ ಮುಗಿದ ಕೈಗಳನ್ನು ಕಂಡು ನನಗೆ ಅಪ್ಪನ ಮೇಲೆ ಹೇಸಿಗೆಯಾಯಿತು.

ಕೆರೆ ಏರಿಯ ಮೇಲೆ ನಾನು ಮುಂದೆ, ಅಪ್ಪ ಹಿಂದೆ. ನಮ್ಮ ಗದ್ದೆ ಕಾಣುವ ಜಾಗದಲ್ಲಿ ಅಪ್ಪ ನಿಂತ. ನಾನು ನಿಲ್ಲಲಿಲ್ಲ. ಬೆನ್ನ ಹಿಂದಿನಿಂದಲೇ ಹೇಳಿದ:

“ನಾ ಹೊಡ್ದಿದ್ದು ಆ ಹುಡುಗಂಗೆ ಮಗಾ. ಬಿದ್ದಿದ್ದು ನಿಂಗೆ.”

ಅಪ್ಪನನ್ನು ನಾನು ಅವತ್ತು ಕ್ಷಮಿಸಲಿಲ್ಲ. ಆದರೆ ಆ ಮಾತನ್ನು ರಾತ್ರಿಯೆಲ್ಲ ಕೆನ್ನೆಯ ಜೊತೆ ಹೊತ್ತುಕೊಂಡು ಮಲಗಿದೆ.

ಬೆಳಿಗ್ಗೆ ಮೇಷ್ಟರು ಕೇಳಿದ್ದು ಭೂಗೋಳ. “ಕುಮುದ್ವತಿ ಯಾವ ನದಿ ಸೇರತೈತಿ?” ಒಬ್ಬೊಬ್ಬರಾಗಿ ಎದ್ದು ನಿಂತರು. ಮಾಬ್ಲೇಶ್ವರನೂ ನಿಂತ, ನಗುತ್ತಲೇ ನಿಂತ. ಇನ್ನು ಇವಳು ಬಾಯಿ ಬಿಟ್ಟಾಳೆಯೇ ಎಂಬ ಧೈರ್ಯ. ಮೇಷ್ಟರು ನನ್ನ ಊದಿದ ಕೆನ್ನೆಯನ್ನು ನೋಡಿದರು.

“ತುಂಗಭದ್ರಾ ಸಾರ್,” ಎಂದೆ.

ಸಾಲಿನಲ್ಲಿದ್ದ ಉಳಿದವರನ್ನೆಲ್ಲ ಬಿಟ್ಟು ಸೀದಾ ಅವನ ಮುಂದೆ ಹೋಗಿ ನಿಂತೆ. ಅವನ ನಗು ಅಲ್ಲಿಗೆ ನಿಂತಿತು. “ಏ ಗೇಣಿ, ಗದ್ದೆ...” ಎಂದು ಪಿಸುಗುಟ್ಟಿದ. ಅವನ ಮೂಗು ಹಿಡಿದೆ.

“ಇದು ನಿಂದೇ,” ಎಂದೆ. “ನಿನ್ನೆ ತಪ್ಪಿ ನಮ್ಮನೆಗೆ ಬಂದಿತ್ತು.”

ಸದ್ದು ಮೇಷ್ಟರ ಕುರ್ಚಿಯನ್ನು ದಾಟಿ ಅಂಗಳಕ್ಕೆ ಹೋಯಿತು.

ಯುಗಾದಿಗೆ ಒಡೆಯರ ಬಾಯಿಂದ ‘ನೀನೇ ಮಾಡು’ ಎಂಬ ಮಾತು ಬರಲಿಲ್ಲ. ಅಪ್ಪ ಅಂಬ್ಲಿಗೊಳದ ಕಡೆ ಕೂಲಿಗೆ ಹೊರಟ. ಹೊರಡುವಾಗ ಗದ್ದೆಯ ಸುದ್ದಿ ಎತ್ತಲಿಲ್ಲ, “ಶಿಕಾರಿಪುರದ ಬಸ್ಸಲ್ಲಿ ಕಿಟಕಿ ಹತ್ರ ಜಾಗ ಸಿಕ್ತಾ?” ಎಂದಷ್ಟೇ ಕೇಳಿದ.

ಸಿಕ್ಕಿತ್ತು ಎಂದೆ.