ಬಿಲದ ಬಾಯಲ್ಲಿಟ್ಟದ್ದು

ಟೈಲರ್ ಗಂಡನ ಕೈಯಲ್ಲಿ ಯಾವ ಪೊಟ್ಟಣವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಗೇಟಿನ ಚಿಲಕ ತೆಗೆದದ್ದು. ಟೈಲರ್ ಸೈಕಲ್ ನಿಲ್ಲಿಸಿ, ಕ್ಯಾರಿಯರ್‌ಗೆ ಕಟ್ಟಿದ್ದ ತಂತಿಬಲೆಯ ಸುರುಳಿ ಬಿಚ್ಚಿ ಗೋಡೆಗೆ ಒರಗಿಸಿದ.

"ವಿಷ ಅಲ್ಲ ಕಣೇ, ಬಲೆ. ನರ್ಸರಿ ಮಾಲಿ ಹೇಳ್ಕೊಟ್ಟ. ಗೋಡೆ ಉದ್ದಕ್ಕೂ ಒಂದೂವರೆ ಅಡಿ ಆಳಕ್ಕೆ ಹೂತ್ರೆ ಹೆಗ್ಗಣ ಕೊರೆಯೋಕಾಗಲ್ವಂತೆ. ಹಿತ್ತಲ ಮರದಿಂದ ಉದುರಿದ ಹಣ್ಣು ದಿನಾ ಸಂಜೆ ಆರಿಸಿಬಿಡ್ಬೇಕಂತೆ. ತಿನ್ನೋಕೇನೂ ಸಿಗದಿದ್ರೆ ತಾನಾಗೇ ಜಾಗ ಖಾಲಿ ಮಾಡುತ್ತೆ. ಪಕ್ಕದ್ಮನೆ ಬೆಕ್ಕಿಗೂ ಏನೂ ಆಗಲ್ಲ."

"ಸರಿ" ಎಂದು ಅವಳು ಒಳಗೆ ಹೋದಳು.

ಅವರ ನಾಯಿ ದೊರೆ ಸತ್ತು ಎಂಟು ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಮಾತೆಂದರೆ ಇಷ್ಟೇ: ಸರಿ, ಊಟಕ್ಕೆ ಬನ್ನಿ, ನಲ್ಲೀಲಿ ನೀರು ಬಂತು. ಮಕ್ಕಳಿಲ್ಲದ ಆ ಮನೆಯಲ್ಲಿ ಆ ಕಂದು ನಾಯಿ ಹನ್ನೊಂದು ವರ್ಷ ನಿಜಕ್ಕೂ ದೊರೆಯಂತೆಯೇ ಬಾಳಿತ್ತು. ಹೊಲಿಗೆ ಮಷೀನಿನ ಪಕ್ಕ ಮಲಗಿ, ಅಳತೆ ಕೊಡಲು ಬಂದವರನ್ನೆಲ್ಲ ಮೂಸಿ ನೋಡಿಯೇ ಒಳಗೆ ಬಿಡುತ್ತಿತ್ತು. "ನನ್ನ ಟೇಪಿಗಿಂತ ಇವನ ಮೂಗೇ ಕರೆಕ್ಟು" ಎಂದು ಟೈಲರ್ ಗಿರಾಕಿಗಳನ್ನು ನಗಿಸುತ್ತಿದ್ದ. ಹೆಗ್ಗಣಕ್ಕೆಂದು ಇಟ್ಟ ವಿಷ ದೊರೆಯ ಹೊಟ್ಟೆ ಸೇರಿದ ದಿನ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: ಬಿಲದೊಳಗೆ ಮೊಳದುದ್ದ ಕೈ ಹಾಕಿ ಇಟ್ಟಿದ್ದೆ, ದೊರೆಯೇ ಕೆರೆದು ತೆಗೆದಿದ್ದಾನೆ.

ಬಿಸಿಲು ಇಳಿದ ಮೇಲೆ ಟೈಲರ್ ಗುದ್ದಲಿ ಹಿಡಿದ. ಬಚ್ಚಲ ಮೂಲೆಯ ಹತ್ತಿರ ನಾಲ್ಕೇಟು ಹಾಕುವಷ್ಟರಲ್ಲಿ ಮಣ್ಣು ಧಸಕ್ಕನೆ ಕುಸಿಯಿತು. ಒಳಗೆ ಒಣಗಿದ ಎಲೆ, ಅವನದೇ ಅಂಗಡಿಯ ನೀಲಿ ಯೂನಿಫಾರ್ಮ್ ಬಟ್ಟೆಯ ಚೂರುಗಳು. ಅವುಗಳ ನಡುವೆ ಹೆಬ್ಬೆರಳ ಗಾತ್ರದ ಐದು ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಗುದ್ದಲಿ ಅವನ ಕೈಯಲ್ಲೇ ನಿಂತಿತು.

"ಹಾಗೇ ಬಿಡಿ." ಹೆಂಡತಿ ಹಿತ್ತಲ ಬಾಗಿಲಲ್ಲಿದ್ದಳು. "ಬಲೆ ನಾಳೆ ಹೂತ್ರಾಯ್ತು. ಮುಟ್ಟದೆ ಈ ಕಡೆ ಬನ್ನಿ. ತಾಯಿ ಬಂದು ಎತ್ಕೊಂಡು ಹೋಗ್ಲಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಎಷ್ಟೋ ಹೊತ್ತು ಟೈಲರ್ ಅಂಗೈಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ.

"ಅವತ್ತು ನಾನು ಬಿಲದೊಳಗೆ ಇಡ್ಲಿಲ್ಲ" ಎಂದ ಕೊನೆಗೆ. "ಸೊಂಟ ಹಿಡ್ಕೊಂಡಿತ್ತು, ಬಗ್ಗೋಕೆ ಬೇಜಾರಾಯ್ತು. ಡಬ್ಬಿ ಮುಚ್ಚಳದಲ್ಲಿ ಹಾಕಿ ಬಿಲದ ಬಾಯಲ್ಲೇ ಇಟ್ಟೆ. ಆಮೇಲೆ ಕುಂಯ್‌ಗುಡ್ತಾನೆ ಅಂತ ದೊರೆ ಸರಪಳಿ ಬಿಚ್ಚಿದ್ದೂ ನಾನೇ."

"ಗೊತ್ತು."

ಅವನು ತಿರುಗಿ ನೋಡಿದ.

"ಆ ಮುಚ್ಚಳ ಎತ್ತಿ ಬಿಸಾಕಿದೋಳು ನಾನೇ ಅಲ್ವಾ. ನೆಕ್ಕಿ ನೆಕ್ಕಿ ಹೊಳೀತಿತ್ತು."

"ಮತ್ತೆ ಒಂದ್ಸಲಾನೂ ಕೇಳ್ಲಿಲ್ವಲ್ಲೇ?"

"ನೀವೇ ಹೇಳ್ತೀರ ಅಂತ ಕಾದೆ." ಅವಳ ಕಣ್ಣು ಗುಂಡಿಯ ಕಡೆಗಿತ್ತು. "ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ."

ಟೈಲರ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಕುಲುಕುವುದನ್ನು ಅವಳು ನೋಡಿದಳು. ಸಮಾಧಾನ ಮಾಡಲಿಲ್ಲ; ಎದ್ದೂ ಹೋಗಲಿಲ್ಲ.

ಬೆಳಕು ಮಂಕಾಗುವ ಹೊತ್ತಿಗೆ ಗೋಡೆಯ ಬುಡದಲ್ಲಿ ಏನೋ ಸರಿದಾಡಿತು. ತಾಯಿ ಹೆಗ್ಗಣ ಇವರನ್ನು ಕಂಡು ನಿಂತಿತು, ಮೀಸೆ ಅಲುಗಿಸಿತು, ಆಮೇಲೆ ಗುಂಡಿಗಿಳಿದು ಒಂದು ಮರಿಯನ್ನು ಕಚ್ಚಿಕೊಂಡು ಮೋರಿಯ ಕಿಂಡಿಯಿಂದ ಆಚೆಯ ಖಾಲಿ ಸೈಟಿಗೆ ನುಸುಳಿತು. ಮತ್ತೆ ಬಂತು. ಮತ್ತೆ ಹೋಯಿತು.

"ಐದು" ಎಂದಳು ಅವಳು, ಉಸಿರಿನಲ್ಲೇ.

ಆದರೆ ಅದು ಇನ್ನೊಮ್ಮೆ ಬಂತು. ಬರಿದಾದ ಗೂಡಿಗಿಳಿದು, ಎಲೆಗಳನ್ನು, ನೀಲಿ ಚೂರುಗಳನ್ನು ಒಂದೊಂದಾಗಿ ಸರಿಸಿ ಮೂಸಿತು. ಅಲ್ಲೇನೂ ಉಳಿದಿರಲಿಲ್ಲ. ಆದರೂ ಬಹಳ ಹೊತ್ತು ಹುಡುಕುತ್ತಲೇ ಇತ್ತು. ಒಳಗೆ ದೀಪ ಹಾಕಲು ಇಬ್ಬರೂ ಏಳಲಿಲ್ಲ.